ಗೋಡೆಯ ಮೇಲಿನ ಪ್ರೇಕ್ಷಕರು

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಜಂಕ್ಷನ್ನನ್ನು ಊರು ಎನ್ನುವುದೇ ಹೆಚ್ಚು. ಮರುಭೂಮಿಯಲ್ಲಿ ರಸ್ತೆಗಳು ಕೂಡುವ ಕಡೆ ಒಂದು ಉದ್ದನೆಯ ಬಿಳಿ ಕಟ್ಟಡ. ಅದರಲ್ಲಿ ಅಮರ್ಗೋಸಾ ಹೋಟೆಲು, ಒಂದು ಮೂಲೆಗೆ ರಂಗಮಂದಿರ. 1923-25ರಲ್ಲಿ ಅದನ್ನು ಕಟ್ಟಿಸಿದ್ದು ಬಿಳಿಗಾರದ ಗಣಿ ಕಂಪನಿ. ಕಂಪನಿ ಹೋಯಿತು, ಜನವೂ ಹೋಯಿತು.

1967ರಲ್ಲಿ ನ್ಯೂಯಾರ್ಕಿನ ನರ್ತಕಿ ಮಾರ್ತಾ ಬೆಕೆಟ್ ಗಂಡನ ಜೊತೆ ಅಲ್ಲಿಗೆ ಬಂದದ್ದು ಕಾರಿನ ಟೈರು ಪಂಕ್ಚರಾಗಿ. ಅದರ ರಿಪೇರಿ ನಡೆದಿರುವಾಗ ಆಕೆ ಸುತ್ತಾಡುತ್ತಾ ಪಾಳುಬಿದ್ದ ರಂಗಮಂದಿರದ ಬಾಗಿಲ ತೂತಿನಲ್ಲಿ ಇಣುಕಿದರು. ತಿಂಗಳಿಗೆ 45 ಡಾಲರಿನಂತೆ ಬಾಡಿಗೆಗೆ ಹಿಡಿದೇಬಿಟ್ಟರು! ವಯಸ್ಸು ಆಗಲೇ ನಲವತ್ತು ದಾಟಿತ್ತು. ಆ ವಯಸ್ಸಿಗೆ ನಾವು 'ಇನ್ನೇನಿದೆ ನಮ್ಮದು' ಎನ್ನಲು ಶುರು ಮಾಡಿರುತ್ತೇವೆ.

1968ರ ಫೆಬ್ರವರಿ 10ರ ಮೊದಲ ಪ್ರದರ್ಶನಕ್ಕೆ ಬಂದವರು ಹನ್ನೆರಡು ಮಂದಿ. ಕೆಲವು ರಾತ್ರಿ ಒಬ್ಬರೂ ಇಲ್ಲ. ಆದರೂ ಕುಣಿದರು. ಆಮೇಲೆ ಕುಂಚ ಹಿಡಿದು ಗೋಡೆಗಳ ತುಂಬ ಪ್ರೇಕ್ಷಕರನ್ನೇ ಬರೆದರು: ನಡುವೆ ರಾಜ, ರಾಣಿ, ಸುತ್ತ ಗೂಳಿಕಾಳಗದವರು, ಸನ್ಯಾಸಿನಿಯರು. ಗೋಡೆಗೆ ನಾಲ್ಕು ವರ್ಷ, ಚಾವಣಿಗೆ ಇನ್ನೆರಡು. ಇದನ್ನು ಹುಚ್ಚು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರೂ ನೋಡದ ಅಡುಗೆಮನೆಯ ಹೊಸ್ತಿಲಿಗೂ ರಂಗೋಲಿ ಎಳೆಯುವ ಕೈ ನಮ್ಮದು. ನಮಗೆ ಇದು ಅರ್ಥವಾಗದೆ ಇನ್ನಾರಿಗೆ ಅರ್ಥವಾಗಬೇಕು?

ಜನ ನಿಧಾನವಾಗಿ ಬರತೊಡಗಿದರು. 1980ರ ದಶಕದಲ್ಲಿ ಗಂಡ ಬಿಟ್ಟುಹೋದರು, ಪ್ರದರ್ಶನ ನಿಲ್ಲಲಿಲ್ಲ. ಕಾಲು ಸೋತ ಮೇಲೆ 'ಕೂತು ಮಾಡುವ ಪ್ರದರ್ಶನ' ಎಂದು ಹೆಸರಿಟ್ಟು, ಕುರ್ಚಿಯಲ್ಲಿ ಕೂತೇ ರಂಗದ ಮೇಲೆ ಉಳಿದರು. ಕೊನೆಯದು 2012ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ. ತೀರಿಕೊಂಡದ್ದು 2017ರ ಜನವರಿಯಲ್ಲಿ, ಅದೇ ಊರಿನಲ್ಲಿ.