ಫ್ರಿಜ್ಜು ವಾಡಿಯಲ್ಲಿ, ವಾರಂಟಿ ಬೆಂಗಳೂರಲ್ಲಿ

ಚಿತ್ತಾಪುರ ಸೀಮೆ ಅಂದ್ರೆ ಕಲ್ಲಿನ ಸೀಮೆ. ನಿಮ್ಮ ಅಜ್ಜಿ ಮನೆಯ ಪಡಸಾಲೆಗೆ ಹಾಸಿದ ತಣ್ಣನೆ ಪರಸಿ ಕಲ್ಲು ಬಂದಿದ್ದು ಬಹುಶಃ ಶಹಾಬಾದದ ಗಣಿಯಿಂದ. ನೀವು ಬೆಂಗಳೂರಲ್ಲಿ ಇಎಂಐ ಕಟ್ಟುತ್ತಿರುವ ಫ್ಲ್ಯಾಟಿನ ಸಿಮೆಂಟು ವಾಡಿಯದ್ದೋ ಸೇಡಂದ್ದೋ ಇರಬಹುದು. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಸ್ತೂಪ ಕಟ್ಟಿದ್ದೂ ಸುಣ್ಣದ ಕಲ್ಲಿನಲ್ಲೇ. ಇಷ್ಟೆಲ್ಲ ಇದ್ದೂ ಬೆಂಗಳೂರಿನ ಗೆಳೆಯರಿಗೆ ಈ ಹೆಸರು ಹೇಳಿದರೆ 'ಅದೆಲ್ಲಿ ಬರುತ್ತೆ?' ಅಂತಾರೆ.

ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮುಂಬೈ–ಚೆನ್ನೈ ಹಳಿಗೆ ಸಿಕಂದರಾಬಾದಿನ ಹಳಿ ಬಂದು ಸೇರುವ ಜಂಕ್ಷನ್ ಅದು. ಅಪ್ಪ ಮೂವತ್ತು ವರ್ಷ ಅಲ್ಲಿ ನೌಕರಿ ಮಾಡಿದರೂ ಸುತ್ತಮುತ್ತಲ ಊರು ನೋಡಿದ್ದು ಕಡಿಮೆ. 'ಡ್ಯೂಟಿ ಬಿಟ್ಟು ಎಲ್ಲಿ ಹೋಗೋದಾಗ್ತದವ್ವಾ' ಅನ್ನೋರು. ಈಗ ನಿವೃತ್ತರು, ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಶೌಚಾಲಯದ ಚಿಂತೆಗೇ ಎಷ್ಟೋ ಪ್ರಯಾಣ ಬೇಡ ಅಂದುಬಿಡ್ತಿದ್ದರು. ಅದಕ್ಕಾಗಿಯೇ ನಾನೂ ನನ್ನ ಗಂಡನೂ ಹೋದ ವರ್ಷ ಕ್ಯಾಂಪರ್ ವ್ಯಾನ್ ತಗೊಂಡೆವು: ಎರಡು ಹಾಸಿಗೆ, ಪುಟ್ಟ ಟಾಯ್ಲೆಟ್, ಮತ್ತು ಮುಖ್ಯವಾಗಿ ಫ್ರಿಜ್ಜು.

ಫೆಬ್ರವರಿ ಕೊನೆಯಲ್ಲಿ ಹೊರಟೆವು. ಮೊದಲು ಚಿತ್ತಾಪುರದ ಪಕ್ಕದ ನಾಗಾವಿ. ಅರವತ್ತು ಕಂಬದ ಗುಡಿ, ಒಡೆದ ಕಲ್ಲುಗಳು, ಅಲ್ಲಲ್ಲಿ ಆಡು. ಒಂದು ಕಾಲಕ್ಕೆ ಇದು ಘಟಿಕಾಸ್ಥಾನ, ಅಂದರೆ ಆಗಿನ ವಿಶ್ವವಿದ್ಯಾಲಯ. ಇಲ್ಲಿನ 1058ರ ಶಾಸನದಲ್ಲಿ ಆರು ಮಂದಿ ಸರಸ್ವತಿ ಭಂಡಾರಿಗರು ಬರುತ್ತಾರೆ. ಅವರು ಗ್ರಂಥಪಾಲಕರು. 'ಆರು ಜನಾನಾ! ನಮ್ಮ ಸಾಲ್ಯಾಗ ಒಬ್ಬನೂ ಇರಲಿಲ್ಲ' ಅಂತ ಅಪ್ಪ ಆ ಇಡೀ ದಿನ ಅದನ್ನೇ ಹೇಳಿದರು.

ಮರುದಿನ ಸನ್ನತಿ. ಭೀಮೆಯ ದಂಡೆಯ ಚಂದ್ರಲಾಂಬಾ ಗುಡಿ ಗೊತ್ತಿಲ್ಲದವರು ಈ ಕಡೆ ಇಲ್ಲ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು, ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಬಂತು. ನೋಡಿದರೆ ಅಶೋಕನ ಶಾಸನ. ಕನಗನಹಳ್ಳಿಯ ಸ್ತೂಪದಲ್ಲಿ ರಾಜ, ರಾಣಿ, ಪರಿವಾರ ಇರುವ ಒಂದು ಫಲಕದ ಮೇಲೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಎಂದು ಕೊರೆದಿದೆ. ಅಶೋಕನ ಚಿತ್ರ, ಪಕ್ಕದಲ್ಲೇ ಅವನ ಹೆಸರು. ಇಂಥದ್ದಕ್ಕೆ ಬೇರೆ ದೇಶದಲ್ಲಾಗಿದ್ದರೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವತ್ತು ನಾವು ನಾಲ್ಕೇ ಜನ.

ಅಲ್ಲಿಂದ ವಾಪಸ್ ಬಂದು ನೀರಿನ ಬಾಟಲಿ ತೆಗೆದರೆ ಬೆಚ್ಚಗಿತ್ತು. ಫ್ರಿಜ್ಜಿನ ದೀಪ ಕೆಂಪಗೆ ಮಿನುಗುತ್ತಿತ್ತು. ಒಳಗೆ ಅಪ್ಪನ ಮೂರು ಹೊಸ ಇನ್ಸುಲಿನ್ ಪೆನ್ನು.

ತೆರೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಐಸ್ ತಂದು ಅದರೊಳಗೆ ಹೂತಿಡೋಣ ಅನ್ನೋ ಹಾಗೂ ಇಲ್ಲ, ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಸುವಂತಿಲ್ಲ. ಅಮ್ಮ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ಸ್ಟೀಲ್ ಡಬ್ಬಿ ಇಟ್ಟು, ಅದರಲ್ಲಿ ಪೆನ್ನು ಇಟ್ಟುಕೊಂಡು ವಾಡಿವರೆಗೆ ಮಡಿಲಲ್ಲೇ ತಂದಳು. ಸ್ಟೇಷನ್ ಹತ್ತಿರದ ಮೆಡಿಕಲ್‌ನವರು ಅಪ್ಪನ ಹೆಸರು ಬರೆದು ತಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಂಡರು. 'ಎಷ್ಟು ದಿನ ಬೇಕಾದ್ರ ಇರ್ಲಿ ಬಿಡ್ರಿ' ಅಂದರು. ದುಡ್ಡು ಮುಟ್ಟಲಿಲ್ಲ.

ಆಮೇಲೆ ಶುರುವಾಯಿತು ಫೋನಿನ ಕೆಲಸ.

ಕ್ಯಾಂಪರ್ ತಗೊಳ್ಳೋರು ಮೊದಲೇ ತಿಳಿಯಬೇಕಾದ ವಿಷಯ ಇದು. ಕಾರಿಗೆ ಇರುವಂತೆ ಇದಕ್ಕೆ ಒಂದೇ ವಾರಂಟಿ ಇರಲ್ಲ. ಎಂಜಿನ್, ಚಾಸಿಗೆ ವಾಹನ ಕಂಪನಿಯದ್ದು. ಒಳಗಿನ ಮನೆ, ಅಂದರೆ ಮರಗೆಲಸ, ವೈರಿಂಗು, ನೀರಿನ ಟ್ಯಾಂಕು, ಇದೆಲ್ಲ ಬಾಡಿ ಕಟ್ಟಿದವರದ್ದು. ಫ್ರಿಜ್ಜು, ಲಿಥಿಯಂ ಬ್ಯಾಟರಿ, ಇನ್ವರ್ಟರು, ಸೋಲಾರ್ ಪ್ಯಾನೆಲ್ಲಿಗೆ ಒಂದೊಂದು ಕಂಪನಿಯ ಒಂದೊಂದು ಕಾರ್ಡು. ಕೊಡುವಾಗ ಎಲ್ಲವನ್ನೂ ಒಂದೇ ಚಂದದ ಫೈಲಿನಲ್ಲಿ ಹಾಕಿ ಕೊಡ್ತಾರೆ, ಕೆಟ್ಟಾಗ ಮಾತ್ರ ಬೇರೆ ಬೇರೆ ಆಗ್ತಾರೆ. ಫ್ರಿಜ್ಜಿನವರು 'ವೋಲ್ಟೇಜ್ ಸರಿ ಬರ್ತಿಲ್ಲ, ಬಾಡಿ ಕಟ್ಟಿದವರನ್ನ ಕೇಳಿ' ಅಂದರು. ವಾಹನದ ಸರ್ವಿಸ್ ಸೆಂಟರಿನವರು ಹೊರಗೆ ಹಾಕಿಸಿದ್ದನ್ನು ಮುಟ್ಟಲ್ಲ ಅಂದರು (ಅವರದ್ದು ನ್ಯಾಯವೇ). ಬಾಡಿ ಕಟ್ಟಿದವರು ಹೇಳಿದ್ದು: 'ಬೆಂಗಳೂರಿಗೆ ತನ್ನಿ ಮೇಡಂ, ಫ್ರೀ ಮಾಡಿಕೊಡ್ತೀವಿ. ಬೇರೆ ಯಾರಾದರೂ ಬಿಚ್ಚಿದರೆ ವಾರಂಟಿ ಹೋಗುತ್ತೆ.'

ಬೆಂಗಳೂರು ಅಲ್ಲಿಂದ ಸುಮಾರು 600 ಕಿಲೋಮೀಟರು. ಊರೂರು ಸುತ್ತಲಿಕ್ಕೆಂದೇ ಮಾರುವ ಗಾಡಿಗೆ ವರ್ಕ್‌ಶಾಪಿನ ಬಾಗಿಲಿಗೆ ಬಂದರೆ ಮಾತ್ರ ವಾರಂಟಿ ಅನ್ನೋದು ಯಾವ ಲೆಕ್ಕ, ನೀವೇ ಹೇಳಿ.

ಆದರೆ ವಾಡಿ, ಶಹಾಬಾದಿನಲ್ಲಿ ಒಂದು ಅನುಕೂಲ ಇದೆ. ಹಗಲೂ ರಾತ್ರಿ ಸಿಮೆಂಟಿನ, ಕಲ್ಲಿನ ಲಾರಿ ಓಡುವ ಊರುಗಳಿವು. ಲಾರಿ ಇದ್ದಲ್ಲಿ ವೈರಿಂಗ್ ಮೇಸ್ತ್ರಿಗಳು ಇದ್ದೇ ಇರುತ್ತಾರೆ. ಅಪ್ಪನ ಹಳೆ ಸಹೋದ್ಯೋಗಿ ಒಬ್ಬರನ್ನು ಕರೆತಂದರು. ಇಪ್ಪತ್ತೈದರ ಆಸುಪಾಸಿನ ಹುಡುಗ. ಸ್ಟಿಕ್ಕರ್ ಅಂಟಿಸಿದ ಡಬ್ಬಿಯನ್ನು ಬಿಚ್ಚಬೇಡಪ್ಪ ಅಂದೆ. 'ಬಿಚ್ಚೋದು ಬ್ಯಾಡ್ರಿ, ಮೀಟರ್ ಹೇಳ್ತದ' ಅಂದ. ಬ್ಯಾಟರಿ ಹತ್ತಿರ 13.2 ವೋಲ್ಟ್. ಫ್ರಿಜ್ಜಿನ ಹಿಂದಿನ ಪ್ಲಗ್ಗಿನಲ್ಲಿ, ಮೋಟಾರು ಎದ್ದ ಕೂಡಲೇ 10.9. ಅಷ್ಟಕ್ಕೆ ಇಳಿದರೆ ನಮ್ಮ ಫ್ರಿಜ್ಜು ತಾನೇ ಆಫ್ ಆಗುತ್ತದೆ.

'ಅಕ್ಕಾರ, ಫ್ರಿಜ್ಜಿಂದೇನೂ ತಪ್ಪಿಲ್ರಿ. ಕರೆಂಟೇ ಮುಟ್ಟವಲ್ದು. ಎಲ್ಲೋ ಥಿಂಬಲ್ ಸರಿ ಒತ್ತಿಲ್ಲ. ಹಿಂಗೇ ಬಿಟ್ರ ಅಲ್ಲೇ ಕಾದು ಸುಡ್ತದ.'

ಈ ಕೊನೆಯ ಮಾತಿಗೆ ನನಗೆ ನಿದ್ದೆ ಹಾರಿತು. ಅಪ್ಪ, ಅಮ್ಮ ಮಲಗುವ ಹಾಸಿಗೆಯ ಕೆಳಗೇ ಆ ವೈರು ಹೋಗುತ್ತದೆ.

ಎರಡೂ ಕಡೆ ಮೀಟರ್ ಇಟ್ಟದ್ದನ್ನು ಒಂದೇ ವಿಡಿಯೋದಲ್ಲಿ ಹಿಡಿದೆವು. ಜೊತೆಗೆ ಕಿಲೋಮೀಟರ್ ರೀಡಿಂಗ್, ಚಾಸಿ ನಂಬರ್, ಮುಟ್ಟದೇ ಇರುವ ಸ್ಟಿಕ್ಕರಿನ ಫೋಟೋ. ಬಾಡಿ ಕಟ್ಟಿದವರಿಗೆ ಫೋನ್ ಮಾಡುವುದನ್ನು ನಿಲ್ಲಿಸಿ ಇಮೇಲ್ ಬರೆದೆ, ಯಾಕಂದರೆ ಫೋನಿನಲ್ಲಿ ಎಲ್ಲರೂ ಒಳ್ಳೆಯವರೇ. ಬೆಂಕಿಯ ಅಪಾಯ ಇದೆ, ರೋಗಿಯ ಔಷಧಿ ಇದೆ ಎಂದು ತಿಳಿಸಿ ಎರಡರಲ್ಲಿ ಒಂದು ಕೇಳಿದೆ: ನಿಮ್ಮ ಜನರನ್ನು ಇಲ್ಲಿಗೆ ಕಳಿಸಿ, ಇಲ್ಲವೇ ಇಲ್ಲೇ ಕೇಬಲ್ ಬದಲಿಸಲು ಒಪ್ಪಿಗೆ ಕೊಟ್ಟು ವಾರಂಟಿ ಮುಂದುವರಿಯುತ್ತದೆ ಎಂದು ಬರೆದುಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂತಲೂ ಸೇರಿಸಿದೆ.

ಇದು ಬರೀ ಬೆದರಿಕೆಯಾಗಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ಮಾರಿದವರ ಊರು ಹುಡುಕಿಕೊಂಡು ಹೋಗಬೇಕಿಲ್ಲ, ನಾವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಆದರೆ ಲೆಕ್ಕ ಹಿಡಿಯುವುದು ಕೆಟ್ಟ ಭಾಗದ ಬೆಲೆಯನ್ನಲ್ಲ, ನೀವು ಕೊಟ್ಟ ಪೂರ್ತಿ ಹಣವನ್ನು. ಹಾಗಾಗಿ ಕ್ಯಾಂಪರಿಗೆ ಆ ವಿನಾಯಿತಿ ಸಿಗುವುದು ಕಷ್ಟ.

ಸಂಜೆ ಒಪ್ಪಿಗೆ ಬಂತು, ಹಳೇ ಕೇಬಲ್ ತಂದು ಒಪ್ಪಿಸಬೇಕು ಎಂಬ ಷರತ್ತಿನೊಡನೆ. ಮರುದಿನ ಬೆಳಗ್ಗೆ ಹುಡುಗ ಡಬ್ಬಿ ಬಿಚ್ಚಿದ. ಥಿಂಬಲ್ ಕಪ್ಪಾಗಿತ್ತು, ಪ್ಲಾಸ್ಟಿಕ್ ಕರಗಿ ಅಂಟಿತ್ತು. ದಪ್ಪನೆಯ ಹೊಸ ಕೇಬಲ್, ಹೊಸ ಫ್ಯೂಸ್ ಹಾಕಿ, ಎಲ್ಲ ಸೇರಿ 1,850 ರೂಪಾಯಿ ತಗೊಂಡ. ಜಿಎಸ್‌ಟಿ ಬಿಲ್ಲು ಬೇಕು ಅಂದಾಗ ಸ್ವಲ್ಪ ನಕ್ಕ. ಕೇಬಲ್ ಕೊಂಡ ಬ್ಯಾಟರಿ ಅಂಗಡಿಯಿಂದ ಆ ಬಿಲ್ಲು ತಂದುಕೊಟ್ಟ, ಮಜೂರಿಗೆ ತನ್ನ ಚೀಟಿಯಲ್ಲಿ ಸಹಿ ಹಾಕಿದ.

ಫ್ರಿಜ್ಜು 4 ಡಿಗ್ರಿಗೆ ಇಳಿಯುವವರೆಗೂ ಕಾದು, ಮೆಡಿಕಲ್‌ನಿಂದ ಪೆನ್ನು ತಗೊಂಡು ಮಳಖೇಡಕ್ಕೆ ಹೊರಟೆವು. ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಅಪ್ಪ ಕೋಟೆ ಪೂರ್ತಿ ಹತ್ತಲಿಲ್ಲ. ಜಯತೀರ್ಥರ ಬೃಂದಾವನಕ್ಕೆ ಹೋಗಿ, ನದಿ ಕಡೆ ಮುಖ ಮಾಡಿ ಕೂತು, ಊಟಕ್ಕೆ ಮುಂಚಿನ ಇನ್ಸುಲಿನ್ ವ್ಯಾನಿನಲ್ಲೇ ತಗೊಂಡರು. ಸೇಡಂನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಚಿಂಚೋಳಿಯ ಕಾಡನ್ನು ಮಳೆಗಾಲದ ನಂತರಕ್ಕೆ ಇಟ್ಟುಕೊಂಡಿದ್ದೇವೆ, ಬಿಸಿಲಿನಲ್ಲಿ ಅದನ್ನು ನೋಡಬಾರದು ಅನ್ನೋದು ಅಪ್ಪನ ಅಭಿಪ್ರಾಯ.

ದುಡ್ಡು ಬಂತಾ ಅಂತ ಕೇಳ್ತೀರಿ. ಬಂತು, 41 ದಿನಕ್ಕೆ, ಕೇಬಲ್ಲಿನದ್ದು ಮಾತ್ರ. ಮಜೂರಿ ಚೀಟಿ ಒಪ್ಪಲಿಲ್ಲ, ಅದಕ್ಕೆ ಇನ್ನೊಂದು ಇಮೇಲ್ ಹೋಗಿದೆ. ಕಪ್ಪಾದ ಕೇಬಲ್ಲನ್ನು ಒಪ್ಪಿಸುವ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗೆದು, ಕೊಟ್ಟದ್ದಕ್ಕೆ ರಶೀದಿ ಬರೆಸಿಕೊಂಡಿದ್ದೇನೆ. ಅದೇ ಥರ ಒತ್ತಿರುವ ಉಳಿದ ಏಳು ಥಿಂಬಲ್ಲುಗಳನ್ನು ಅವರು ತಮ್ಮ ವರ್ಕ್‌ಶಾಪಿನಲ್ಲಿ ಬದಲಿಸಿಕೊಟ್ಟರು, ನಾನು ಪಕ್ಕದಲ್ಲೇ ನಿಂತಿದ್ದೆ.