ಸರಿ ಬಣ್ಣ 7

ನಮ್ಮ ಮನೆಯಲ್ಲಿ ಒಂದು ಫೋಟೋ ಪ್ರಿಂಟರ್ ಇದೆ. ಅಪ್ಪ ಹೈಸ್ಕೂಲಿನಿಂದ ರಿಟೈರ್ ಆದ ವರ್ಷ, ಅಂದ್ರೆ 2015ರಲ್ಲಿ ತಗೊಂಡಿದ್ದು. ಅವರ ಜೊತೆಯ ಮೇಷ್ಟ್ರುಗಳು ರಿಟೈರ್ ಆದ ದುಡ್ಡಲ್ಲಿ ತೋಟಕ್ಕೆ ಬೇಲಿ ಹಾಕಿಸಿದ್ರು, ಕಾಶಿಗೆ ಹೋಗಿ ಬಂದ್ರು. ನಮ್ಮಪ್ಪ ಮಾತ್ರ ಶಿವಮೊಗ್ಗಕ್ಕೆ ಹೋಗಿ ಆರು ಬಣ್ಣದ ಇಂಕ್ ಟ್ಯಾಂಕ್ ಇರೋ ಪ್ರಿಂಟರ್ ಕೊಂಡು, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತೀರ್ಥಹಳ್ಳಿಗೆ ತಂದ್ರು. "ನಿನ್ನನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಲ್ಲ" ಅಂತ ಅಮ್ಮ ಈಗಲೂ ಹೇಳ್ತಾಳೆ.

ಆವತ್ತಿಂದ ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಏನೇ ಆಗ್ಲಿ, ಮದುವೆ, ಉಪನಯನ, ಗೃಹಪ್ರವೇಶ, ಕೊನೆಗೆ ವೈಕುಂಠ ಸಮಾರಾಧನೆ, ಅಪ್ಪ ಕ್ಯಾಮೆರಾ ಹಿಡ್ಕೊಂಡು ಹೋಗೋದು, ವಾರದೊಳಗೆ ಪೋಸ್ಟ್‌ಕಾರ್ಡ್ ಸೈಜಿನಲ್ಲಿ ಪ್ರಿಂಟ್ ಹಾಕಿ ಸ್ಕೂಟರಲ್ಲಿ ಹೋಗಿ ಕೈಯಾರೆ ಕೊಟ್ಟು ಬರೋದು. ವಾಟ್ಸಾಪಲ್ಲಿ ಕಳಿಸಿದ್ರೆ ಸಾಕು ಅಂದ್ರೆ ಅವರಿಗೆ ಸಿಟ್ಟು ಬರ್ತದೆ. "ಅದು ನೋಡೋಕೆ, ಇದು ಇಟ್ಕೊಳ್ಳೋಕೆ" ಅಂತಾರೆ.

2024ರ ಮೇ ತಿಂಗಳಲ್ಲಿ ದೊಡ್ಡಮ್ಮನ ಮಗನ ಮದುವೆ ಆಯ್ತು. ಜೂನಲ್ಲಿ ನನ್ನ ಕಸಿನ್ ಒಬ್ಬಳು ಅಪ್ಪ ಕೊಟ್ಟ ಪ್ರಿಂಟಿನ ಫೋಟೋ ತೆಗೆದು ನನಗೆ ಕಳಿಸಿದ್ಲು. ಕೆಳಗೆ ಬರೆದಿದ್ಲು: "ನಿಮ್ಮಪ್ಪನ ಫೋಟೋದಲ್ಲಿ ಈಗ ಎಲ್ಲರೂ ನೀಲಮೇಘಶ್ಯಾಮರು ಕಣೇ :)". ನಿಜ. ಮದುಮಗಳ ಮುಖ ಯಕ್ಷಗಾನದ ಕೃಷ್ಣನ ವೇಷದ ಹಾಗಿತ್ತು. ಅನ್ನ ನೀಲಿ, ಬಾಳೆ ಎಲೆ ನೀಲಿಹಸಿರು, ಭಟ್ಟರ ಶಾಲು ನೀಲಿ. ಎರಡು ಮೂರು ವರ್ಷದಿಂದಲೇ ಹೀಗೆ ಬರ್ತಾ ಇತ್ತಂತೆ, ಮೇಷ್ಟ್ರಿಗೆ ಬೇಜಾರಾಗ್ತದೆ ಅಂತ ಯಾರೂ ಹೇಳಿರಲಿಲ್ಲ.

ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು. ಯಾಕಂದ್ರೆ ಅಪ್ಪ ಕಂಪನಿಯ ಇಂಕ್ ದುಬಾರಿ ಅಂತ ಯಾವುದೋ ಅಂಗಡಿಯ ಲೋಕಲ್ ಇಂಕ್ ತುಂಬಿಸ್ತಾರೆ ಅಂತ ಗೊತ್ತಿತ್ತು. ಆ ರಾತ್ರಿಯೇ ಫೋನ್ ಮಾಡಿ ಜೋರು ಮಾಡಿದೆ.

"ಇಂಕಿಂದಲ್ಲ ಪುಟ್ಟಿ, ಹಳದಿ ನಾಝಲ್ ಕಟ್ಟಿದೆ. ನಾಝಲ್ ಚೆಕ್ ಮಾಡಿದ್ರೆ ಹಳದಿ ಗೆರೆ ಒಂದೂ ಬರಲ್ಲ. ಹತ್ತು ಸಲ ಹೆಡ್ ಕ್ಲೀನಿಂಗ್ ಮಾಡಿದೆ ಮಾರಾಯ್ತಿ."

"ಹಂಗಾದ್ರೆ ಅದಕ್ಕೇ ಫೋಟೋ ನೀಲಿ ಬರ್ತಿರೋದು."

"ನೀಲಿ ಎಲ್ಲಿ ಬರ್ತದೆ? ನೀಲಿಯೇ ಸಾಲದು. ಅಮ್ಮನ ನೀಲಿ ಸೀರೆ ಕಪ್ಪಾಗಿ ಬರ್ತದೆ."

ಇಲ್ಲಿ ಸ್ವಲ್ಪ ಪಾಠ ಮಾಡ್ತೀನಿ, ತಡ್ಕೊಳ್ಳಿ, ಮೇಷ್ಟ್ರ ಮಗಳು. ಕಂಪ್ಯೂಟರ್ ಪರದೆ ಬೆಳಕನ್ನು ಕೂಡಿಸಿ ಬಣ್ಣ ಮಾಡ್ತದೆ. ಪ್ರಿಂಟರ್ ಬೆಳಕನ್ನು ಕಳೆದು ಮಾಡ್ತದೆ. ಬಿಳಿ ಕಾಗದದ ಮೇಲೆ ಬಿದ್ದ ಒಂದೊಂದು ಇಂಕೂ ಒಂದೊಂದು ಬೆಳಕನ್ನು ತಿನ್ನುತ್ತೆ. ಸಯಾನ್ ಕೆಂಪನ್ನು ತಿನ್ನುತ್ತೆ, ಮಜೆಂತಾ ಹಸಿರನ್ನು, ಹಳದಿ ನೀಲಿಯನ್ನು. ಹಾಗಾಗಿ ಸಯಾನ್ ಕಟ್ಟಿದ್ರೆ ಫೋಟೋ ಕೆಂಪಗಾಗುತ್ತೆ, ಮಜೆಂತಾ ಕಟ್ಟಿದ್ರೆ ಹಸಿರಾಗುತ್ತೆ, ಹಳದಿ ಕಟ್ಟಿದ್ರೆ ನೀಲಿಯಾಗುತ್ತೆ. ಮನೇಲಿ ಇಂಥ ಪ್ರಿಂಟರ್ ಇದ್ದವರು ಇಷ್ಟು ನೆನಪಿಟ್ಕೊಂಡ್ರೆ ಅರ್ಧ ರಿಪೇರಿ ಮುಗೀತು. ಆರು ಬಣ್ಣದ್ದಾದ್ರೆ ಇವುಗಳ ಜೊತೆ ಕಪ್ಪು, ಮತ್ತೆ ತಿಳಿ ಸಯಾನ್, ತಿಳಿ ಮಜೆಂತಾ ಇರ್ತವೆ. ಮುಖದ ಬಣ್ಣ, ಆಕಾಶ ಎಲ್ಲ ನಯವಾಗಿ ಬರೋದು ಆ ತಿಳಿ ಬಣ್ಣಗಳಿಂದ.

ಈ ಲೆಕ್ಕದಲ್ಲಿ ಅಪ್ಪ ಹೇಳಿದ್ದು ಒಂದಕ್ಕೊಂದು ತಾಳೆಯೇ ಆಗಲ್ಲ. ಹಳದಿ ಬರದಿದ್ರೆ ನೀಲಿ ಜಾಸ್ತಿ ಆಗ್ಬೇಕು, ಇವರು ನೀಲಿ ಸಾಲದು ಅಂತಾರೆ. ಆಫೀಸಲ್ಲಿ ಇಂಥ ಬಗ್ ರಿಪೋರ್ಟ್ ಬಂದ್ರೆ ನಾವೇನು ಮಾಡ್ತೀವಿ? ಯೂಸರ್‌ಗೆ ಗೊತ್ತಿಲ್ಲ ಅಂತ ಕ್ಲೋಸ್ ಮಾಡ್ತೀವಿ. ನಾನೂ ಅದನ್ನೇ ಮಾಡಿದೆ. ಕಸಿನ್ ಕಳಿಸಿದ ಫೋಟೋ ನೀಲಿ, ನಾಝಲ್ ಚೆಕ್ಕಲ್ಲಿ ಹಳದಿ ಇಲ್ಲ, ಎರಡೂ ಹೊಂದುತ್ತೆ. ಮೂರನೇದನ್ನು ಬಿಟ್ಟುಬಿಟ್ಟೆ.

ಜುಲೈಯಲ್ಲಿ ಎರಡು ದಿನ ರಜೆ ಹಾಕಿ, ಡಿಸ್ಟಿಲ್ಡ್ ವಾಟರ್, ಸಿರಿಂಜು, ಗ್ಲೌಸ್ ಎಲ್ಲ ಬ್ಯಾಗಿಗೆ ತುಂಬಿ ಊರಿಗೆ ಹೋದೆ. ತೀರ್ಥಹಳ್ಳಿಯಲ್ಲಿ ಜುಲೈ ಅಂದ್ರೆ ಗೊತ್ತಲ್ಲ, ಮಳೆ ನಿಂತ್ರೆ ಏನೋ ಹೆಚ್ಚುಕಮ್ಮಿ ಆಯ್ತು ಅನ್ನಬೇಕು. ಫೋಟೋ ಪೇಪರ್ ಕೂಡ ಅಕ್ಕಿ ಡಬ್ಬದ ಪಕ್ಕ ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ಟಿದ್ರು.

ಮೊದಲು ನಾಝಲ್ ಚೆಕ್. ಪ್ರಿಂಟರ್ ಆರೂ ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆ ಹಾಕುತ್ತೆ. ಎಲ್ಲಿ ಗೆರೆ ತುಂಡಾಗಿದೆಯೋ ಅಲ್ಲಿ ನಾಝಲ್ ಕಟ್ಟಿದೆ ಅಂತ ಅರ್ಥ. ತಿಳಿ ಸಯಾನಲ್ಲಿ ನಾಲ್ಕೈದು ಗೆರೆ ಇರಲಿಲ್ಲ. ಇದರ ಕಾರಣ ಹುಡುಕೋಕೆ ಕಷ್ಟಪಡಬೇಕಾಗಿರಲಿಲ್ಲ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಗುಡುಗು ಸಿಡಿಲು. ಮೊದಲ ಗುಡುಗಿಗೇ ಅಮ್ಮ ಮನೆಯ ಸ್ವಿಚ್ಚೆಲ್ಲ ಆರಿಸಿ ಪ್ಲಗ್ ಕಿತ್ತು ಹಾಕ್ತಾಳೆ. ಪ್ರಿಂಟರಿಗೆ ತನ್ನದೇ ಬಟನ್ ಒತ್ತಿ ಆಫ್ ಮಾಡಿದ್ರೆ ಅದು ಹೆಡ್ಡನ್ನು ಒಂದು ಮೂಲೆಗೆ ತಗೊಂಡು ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರಿಸುತ್ತೆ, ಇಂಕ್ ಒಣಗಬಾರದು ಅಂತ. ಪ್ರಿಂಟ್ ಆಗೋವಾಗಲೇ ಗೋಡೆಯ ಸ್ವಿಚ್ ಆರಿಸಿದ್ರೆ ಹೆಡ್ ಮಧ್ಯದಲ್ಲೇ ಬಾಯಿ ತೆರೆದು ನಿಂತುಬಿಡುತ್ತೆ. ಆ ತೂತಿಂದ ಬೀಳೋ ಹನಿ ಕೆಲವೇ ಪಿಕೋಲೀಟರ್. ಪಿಕೋಲೀಟರ್ ಅಂದ್ರೆ ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು. ಅಷ್ಟು ಸಣ್ಣ ತೂತು ಒಣಗೋಕೆ ಎಷ್ಟು ಹೊತ್ತು ಬೇಕು!

ಎರಡು ಸಲ ಹೆಡ್ ಕ್ಲೀನಿಂಗ್ ಮಾಡಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ತಿಳಿ ಸಯಾನ್ ಪೂರ್ತಿ ಬಂತು. (ಹೀಗೆ ರಾತ್ರಿ ಬಿಡೋದು ಒಳ್ಳೇದು. ಮೇಲಿಂದ ಮೇಲೆ ಕ್ಲೀನಿಂಗ್ ಮಾಡಿದ್ರೆ ಎಳೆದ ಇಂಕೆಲ್ಲ ಹೋಗಿ ಪ್ರಿಂಟರ್ ಒಳಗಿನ ಸ್ಪಂಜಿನಂಥ ಪ್ಯಾಡಿಗೆ ಸೇರುತ್ತೆ. ಅದು ತುಂಬಿತು ಅಂತ ಲೆಕ್ಕ ಬಂದ ದಿನ ಪ್ರಿಂಟರ್ ಮುಷ್ಕರ ಹೂಡುತ್ತೆ.)

ಆದ್ರೆ ಹಳದಿ? ಹಳದಿಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಮೊದಲ ಪ್ರಿಂಟಲ್ಲೇ ಪೂರ್ತಿ ಇತ್ತು.

"ಅಪ್ಪಾ, ಹಳದಿ ಚೆನ್ನಾಗೇ ಬರ್ತಿದೆಯಲ್ಲ?"

ಅಪ್ಪ ಕಾಗದ ತಗೊಂಡ್ರು. ಕನ್ನಡಕ ಏರಿಸಿದ್ರು, ಇಳಿಸಿದ್ರು. ಕಿಟಕಿ ಹತ್ರ ಹೋದ್ರು. "ಎಲ್ಲಿ?"

"ಇಲ್ಲಿ, ಮಜೆಂತಾ ಪಕ್ಕ."

"ಇಲ್ಲಿ ಖಾಲಿ ಇದೆಯಲ್ಲೇ."

ಮಳೆಗಾಲದ ಕತ್ತಲೆ, ಕಾಣ್ತಿಲ್ಲ ಅಂದ್ಕೊಂಡೆ. ಬಿಳಿ ಮೇಲೆ ಹಳದಿ ಯಾರಿಗಾದ್ರೂ ಕಷ್ಟವೇ. ಸರಿ, ಮುಂದಿನ ಟೆಸ್ಟ್. ನನ್ನ ಫೋನಿಂದ ಅಮ್ಮನ ಒಂದು ಫೋಟೋ ನೇರ ಪ್ರಿಂಟರಿಗೆ ಕಳಿಸಿದೆ. ಕಡುನೀಲಿ ಇಳಕಲ್ ಸೀರೆ ಉಟ್ಟಿದ್ದು. ಎಷ್ಟು ಚೆನ್ನಾಗಿ ಬಂತು ಅಂದ್ರೆ, ನಾನು ಬೈದ ಲೋಕಲ್ ಇಂಕೇ ಅದು. ಅದೇ ಫೋಟೋನ ಅಪ್ಪನ ಹಳೇ ಡೆಸ್ಕ್‌ಟಾಪಿಂದ ಪ್ರಿಂಟ್ ಕೊಟ್ಟೆ. ಕೃಷ್ಣನ ವೇಷ ಬಂತು. ಅಂದ್ರೆ ಹೆಡ್ಡು ಸರಿ, ಇಂಕ್ ಸರಿ, ಪೇಪರ್ ಸರಿ. ತಪ್ಪಿರೋದು ಕಂಪ್ಯೂಟರಲ್ಲಿ. ನಾಝಲ್ ಚೆಕ್ ಗೆರೆಗಳನ್ನು ಪ್ರಿಂಟರ್ ತಾನೇ ಹಾಕುತ್ತೆ, ಕಂಪ್ಯೂಟರಿನ ಬಣ್ಣದ ಸೆಟ್ಟಿಂಗ್ ಅದಕ್ಕೆ ತಾಗಲ್ಲ.

ಪ್ರಿಂಟರ್ ಸೆಟ್ಟಿಂಗ್ ತೆಗೆದು ನೋಡಿದೆ. ಅಲ್ಲಿ ಏಳು ಸೆಟ್ಟಿಂಗ್ ಹೆಸರಿಟ್ಟು ಸೇವ್ ಮಾಡಿದ್ದಾರೆ. ಸರಿ ಬಣ್ಣ 1, ಸರಿ ಬಣ್ಣ 2, ಹೀಗೆ ಸರಿ ಬಣ್ಣ 7ರವರೆಗೆ. ಒಂದರಲ್ಲಿ ಸಯಾನ್ +3, ಹಳದಿ −2. ಮೂರರಲ್ಲಿ +8, −6. ಏಳರಲ್ಲಿ ಸಯಾನ್ +19, ಹಳದಿ −16, ಮೇಲಿಂದ ಬ್ರೈಟ್‌ನೆಸ್ಸೂ ಜಾಸ್ತಿ. ಕಂಪ್ಯೂಟರ್ ಪಕ್ಕದಲ್ಲೇ ಅವರ ಹಳೇ ಪಾಠ ಟಿಪ್ಪಣಿ ಪುಸ್ತಕ ಇತ್ತು. ಕೆಂಪು ಗೆರೆ ಎಳೆದು ತಾರೀಖು ಹಾಕಿ ಬರೆದಿದ್ರು. 2020ರ ನವೆಂಬರಲ್ಲಿ ಮೊದಲನೇದು: "ನೀಲಿ ಸ್ವಲ್ಪ ಮಂಕು." 2022ರಲ್ಲಿ: "ಬಿಳಿ ಶರ್ಟು ಮಾಸಲು. ಹಳದಿ ಇನ್ನೂ ಕಡಿಮೆ ಮಾಡಬೇಕು." 2024ರ ಫೆಬ್ರವರಿ: "ಈಗ ಪರವಾಗಿಲ್ಲ."

ನಮ್ಮ ಟೀಮಲ್ಲಿ ಯಾರೂ ಇಷ್ಟು ಚೆನ್ನಾಗಿ ಚೇಂಜ್ ಲಾಗ್ ಬರೆಯಲ್ಲ.

ಎರಡೂ ಪ್ರಿಂಟನ್ನು ಅಕ್ಕಪಕ್ಕ ಇಟ್ಟು ಅಪ್ಪನಿಗೆ ತೋರಿಸಿದೆ. ಫೋನಿಂದ ಬಂದದ್ದನ್ನು ನೋಡಿ "ನೋಡು, ನಾ ಹೇಳಿದ್ನಲ್ಲ, ಸೀರೆ ಕಪ್ಪು" ಅಂದ್ರು. ಕೃಷ್ಣನ ವೇಷ ನೋಡಿ "ಹಾಂ, ಇದು ಸರಿ ಇದೆ" ಅಂದ್ರು. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಒಂದು ಸಲ ನೋಡಿ "ಇದೆಂತ, ನನ್ನ ಮುಖಕ್ಕೆ ಉಜಾಲ ಹಾಕಿದ್ದೀರಿ?" ಅಂದಳು. ಅವಳು ಹಿಂದೆಯೂ ಹೇಳಿದ್ದಳಂತೆ. "ನಿಂಗೆ ಫೋಟೋ ಗೊತ್ತಾಗಲ್ಲ" ಅಂತ ಅಪ್ಪ ಬಾಯಿ ಮುಚ್ಚಿಸಿದ್ರಂತೆ.

ನನಗೆ ಮಾತೇ ಹೊರಡಲಿಲ್ಲ. ಅಮ್ಮನ ಹೊಲಿಗೆ ಡಬ್ಬ ತಂದು ಒಂದು ಕಪ್ಪು ದಾರದ ಉಂಡೆ, ಒಂದು ಕಡುನೀಲಿ ಉಂಡೆ ಮೇಜಿನ ಮೇಲಿಟ್ಟೆ. "ಅಪ್ಪಾ, ಇದರಲ್ಲಿ ನೀಲಿ ಯಾವುದು?" ಅಪ್ಪ ತುಂಬಾ ಹೊತ್ತು ನೋಡಿದ್ರು. "ಎರಡೂ ಕಪ್ಪಲ್ಲವಾ?" ಅಂದವರು, ನನ್ನ ಮುಖ ನೋಡಿ, ಸುಮ್ಮನಾದ್ರು. ನಲವತ್ತು ವರ್ಷದ ಹತ್ರಹತ್ರ ಮಕ್ಕಳಿಗೆ ಪ್ರಶ್ನೆ ಕೇಳಿದವರು, ಉತ್ತರ ತಪ್ಪಾಗಿದೆ ಅಂತ ಕೇಳಿದವರ ಮುಖದಲ್ಲೇ ಗೊತ್ತಾಗಿಹೋಯ್ತು.

ಕಣ್ಣಿನ ಪೊರೆ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗಟ್ಟುತ್ತಾ, ಕಂದಾಗುತ್ತಾ ಹೋಗುತ್ತೆ, ನೀಲಿ ಬೆಳಕನ್ನು ಒಳಗೆ ಬಿಡಲ್ಲ. ನೀಲಿ ಬೆಳಕೇ ಒಳಗೆ ಹೋಗದಿದ್ರೆ ಕಡುನೀಲಿ ಕಪ್ಪಾಗಿ ಕಾಣುತ್ತೆ. ಹಳದಿ ಇಂಕಿನ ಕೆಲಸವೇ ನೀಲಿಯನ್ನು ತಿನ್ನೋದು. ತಿನ್ನೋಕೆ ನೀಲಿಯೇ ಇಲ್ಲದಾಗ ಹಳದಿಗೂ ಬಿಳಿಗೂ ವ್ಯತ್ಯಾಸ ಏನುಳೀತು? ಅಪ್ಪನ ಬಗ್ ರಿಪೋರ್ಟಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಫ್ರಾನ್ಸಿನ ಚಿತ್ರಕಾರ ಮೊನೆಗೂ ಹೀಗೇ ಪೊರೆ ಬಂದಿತ್ತು. 1912ರಲ್ಲೇ ಗೊತ್ತಾದ್ರೂ ಆಪರೇಷನ್ ಮಾಡಿಸ್ಕೊಂಡಿದ್ದು 1923ರಲ್ಲಿ, 82ನೇ ವಯಸ್ಸಲ್ಲಿ. ಹೆದರಿ ಮುಂದೂಡೋದು ನಮ್ಮಪ್ಪ ಒಬ್ಬರದ್ದೇ ಅಲ್ಲ.

ಕಂಪ್ಯೂಟರ್ ಪರದೆಯನ್ನೂ ಅದೇ ಕಣ್ಣಲ್ಲಿ ನೋಡ್ತಾರಲ್ಲ, ಎರಡೂ ಒಂದೇ ಥರ ಕಾಣಬೇಕಲ್ಲ ಅಂತ ನನಗೂ ಅನುಮಾನ ಬಂತು. ಆದ್ರೆ ಪರದೆ ಹಿಂದಿಂದ ಬೆಳಗುತ್ತೆ, ನೀಲಿ ಎಷ್ಟೋ ಪ್ರಖರವಾಗಿರುತ್ತೆ. ಕಾಗದ ಟ್ಯೂಬ್‌ಲೈಟ್ ಬೆಳಕನ್ನೇ ನಂಬಿಕೊಂಡಿರೋದು. ಅದಲ್ಲದೆ ಅಪ್ಪ ಹೋಲಿಸ್ತಾ ಇದ್ದದ್ದು ಬರೀ ಪರದೆ ಜೊತೆ ಅಲ್ಲ. ಅಮ್ಮನ ಸೀರೆ ಯಾವ ನೀಲಿ ಅಂತ ಅವರಿಗೆ ನೆನಪಿತ್ತು.

ನನಗೆ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಫೋಟೋ ಕೊಡೋಕೆ ಅಂತ ಇವರು ಸಂಜೆ ಹೊತ್ತು ಆಗುಂಬೆ ರಸ್ತೆಯಲ್ಲಿ ಸ್ಕೂಟರ್ ಓಡಿಸ್ತಿದ್ರು. ಎದುರು ಬರೋ ಗಾಡಿಯ ಲೈಟು ಹೇಗೆ ಕಾಣುತ್ತೆ ಅಂತ ಕೇಳಿದ್ರೆ, "ಸುತ್ತ ದೊಡ್ಡ ಚಕ್ರ ಕಾಣ್ತದೆ, ಎಲ್ಲರಿಗೂ ಹಾಗೇ ಅಲ್ಲವಾ?" ಅಂದ್ರು. ಅವತ್ತೇ ಸ್ಕೂಟರ್ ಕೀಲಿ ಅಮ್ಮನ ಕೈಗೆ ಹೋಯ್ತು.

ಆಗಸ್ಟಲ್ಲಿ ಶಿವಮೊಗ್ಗದಲ್ಲಿ ಬಲಗಣ್ಣಿಗೆ ಆಪರೇಷನ್ ಆಯ್ತು, ಮುಂದಿನ ತಿಂಗಳು ಎಡಗಣ್ಣಿಗೆ. ಮಧ್ಯದ ನಾಲ್ಕು ವಾರ ಅಪ್ಪನಿಗೆ ಅದೇ ಆಟ. ಒಂದು ಕಣ್ಣು ಮುಚ್ಚೋದು, ಇನ್ನೊಂದು ತೆರೆಯೋದು. "ಬಲಗಣ್ಣಲ್ಲಿ ಗೋಡೆ ಸುಣ್ಣ ಹೊಡೆದ ಹಾಗಿದೆ, ಎಡಗಣ್ಣಲ್ಲಿ ಚಾ ಚೆಲ್ಲಿದ ಹಾಗಿದೆ" ಅಂತ ಬಂದವರಿಗೆಲ್ಲ ಹೇಳೋದು. ನಾಝಲ್ ಚೆಕ್ ಕಾಗದವನ್ನು ತಾವೇ ಹುಡುಕಿ ತೆಗೆದು ನೋಡಿದ್ರಂತೆ. ನನಗೆ ಫೋನ್ ಮಾಡಿ "ಹಳದಿ ಇದೆ ಮಾರಾಯ್ತಿ, ಎಲ್ಲ ಗೆರೆಯೂ ಇದೆ" ಅಂದ್ರು. ಇಂಕಿನ ಬಗ್ಗೆ ಜೋರು ಮಾಡಿದ್ದಕ್ಕೆ ಸಾರಿ ಅಂತ ಹೇಳೋಣ ಅಂದ್ಕೊಂಡೆ. ಅವರ ಮಾತಿನ ಉತ್ಸಾಹದಲ್ಲಿ ಜಾಗ ಸಿಗಲಿಲ್ಲ.

ಆಮೇಲೆ ಮದುವೆಯ ಪ್ರಿಂಟುಗಳನ್ನು ತೆಗೆದು ನೋಡಿದ್ದಾರೆ. ಅಮ್ಮ ಹೇಳೋ ಪ್ರಕಾರ ಅವತ್ತು ಮಧ್ಯಾಹ್ನ ಊಟಕ್ಕೆ ಕರೆದ್ರೂ ಏಳಲಿಲ್ಲ. "ನಾಲ್ಕು ವರ್ಷ ಇದನ್ನು ಹಂಚಿದ್ನಾ? ಯಾರೂ ಒಂದು ಮಾತು ಹೇಳಲಿಲ್ಲವಲ್ಲೇ" ಅಂತ ಎರಡು ಮೂರು ಸಲ ಅಂದ್ರಂತೆ.

ಮರುದಿನದಿಂದ ಟಿಪ್ಪಣಿ ಪುಸ್ತಕದಲ್ಲಿ ಹೊಸ ಪುಟ. 2020ರಿಂದ ಯಾರ್ಯಾರಿಗೆ ಯಾವ ಫೋಟೋ ಕೊಟ್ಟಿದ್ದು ಅಂತ ಪಟ್ಟಿ. ಒಟ್ಟು 312. ಎಲ್ಲವನ್ನೂ ಮತ್ತೆ ಪ್ರಿಂಟ್ ಹಾಕಿ, ಹಳೇದನ್ನು ವಾಪಸ್ ಇಸ್ಕೊಂಡು ಬರ್ತಾರಂತೆ. ದಂಡ ಅಂತ ಅಮ್ಮ. ಕಸಿನ್ ಮಾತ್ರ ತನ್ನ ನೀಲಮೇಘಶ್ಯಾಮ ಫೋಟೋ ವಾಪಸ್ ಕೊಡಲ್ಲ ಅಂತ ಹಟ ಹಿಡಿದಿದ್ದಾಳೆ. ಸರಿ ಬಣ್ಣ ಒಂದರಿಂದ ಏಳನ್ನೂ ನಾನು ಡಿಲೀಟ್ ಮಾಡಿಲ್ಲ, ಪಕ್ಕಕ್ಕಿಟ್ಟು ಎಲ್ಲ ಸೊನ್ನೆ ಇರೋ ಸೆಟ್ಟಿಂಗ್ ಹಾಕಿ ಬಂದಿದ್ದೀನಿ.

ಮೊನ್ನೆ ಭಾನುವಾರ ಫೋನ್ ಮಾಡಿದ್ರು. "ಪುಟ್ಟಿ, ಹಳದಿ ಖಾಲಿ ಆಗ್ತಾ ಬಂತು. ಬರುವಾಗ ಎರಡು ಬಾಟ್ಲಿ ತಗೊಂಡು ಬಾ. ಲೋಕಲ್ಲೇ ತಾ, ಇಂಕಲ್ಲಿ ಎಂತದೂ ತೊಂದರೆ ಇರಲಿಲ್ಲ ಅಂತ ಗೊತ್ತಾಯ್ತಲ್ಲ."