ಚಿತ್ರ ಅಲುಗುತ್ತಿದೆ

ನಮ್ಮ ಹಜಾರದ ಟಿ.ವಿ.ಯ ಕೆಳಗೆ ಎರಡು ವರ್ಷಗಳಿಂದ ಒಂದು ಪುಟ್ಟ ಕಂಪ್ಯೂಟರ್ ಕುಳಿತಿದೆ. ಗಾತ್ರದಲ್ಲಿ ಅಡಿಗೆಮನೆಯ ಒಗ್ಗರಣೆ ಡಬ್ಬಿಗಿಂತ ದೊಡ್ಡದಲ್ಲ. ಮಗ ಅದನ್ನು ಬೆಂಗಳೂರಿನಿಂದ ತಂದು ಜೋಡಿಸಿ, ಕೋಡಿ ಎಂಬ ತಂತ್ರಾಂಶವನ್ನು ಹಾಕಿ, ಹಾಡು, ಹಳೆಯ ಚಲನಚಿತ್ರ, ಮನೆಯ ಫೋಟೋಗಳನ್ನೆಲ್ಲ ತುಂಬಿಸಿ, "ಅಪ್ಪಾ, ಇನ್ನು ನಿಮಗೆ ಡಿಸ್ಕು ಹುಡುಕುವ ಕಷ್ಟವಿಲ್ಲ" ಎಂದು ಹೇಳಿ ಹೋದ. ಕಷ್ಟವೇನೂ ಇರಲಿಲ್ಲ, ಕಳೆದ ನವರಾತ್ರಿಯವರೆಗೆ.

ಆಗ ಮಗಳ ಮದುವೆಯ ಕ್ಯಾಸೆಟ್ಟು ಅದರೊಳಗೆ ಬಂದಿತು. 1996ರಲ್ಲಿ ಹಾಸನದ ಛತ್ರವೊಂದರಲ್ಲಿ ನಡೆದ ಮದುವೆ. ಇದನ್ನು ಓದುತ್ತಿರುವ ಬಂಧುಗಳಲ್ಲಿ ಕೆಲವರು ಅಂದು ಮೊದಲ ಪಂಕ್ತಿಯಲ್ಲಿಯೇ ಊಟಕ್ಕೆ ಕುಳಿತವರು. ಬೂಷ್ಟು ಹಿಡಿಯುವ ಮೊದಲೇ ಆ ಕ್ಯಾಸೆಟ್ಟನ್ನು ಸ್ಟುಡಿಯೊಗೆ ಕೊಟ್ಟು ಕಂಪ್ಯೂಟರಿಗೆ ಹೊಂದುವಂತೆ ಮಾಡಿಸಿದ್ದೆ. ಮೂರು ಗಂಟೆಯ ಆ ಚಿತ್ರದಲ್ಲಿ ನನ್ನ ಶ್ರೀಮತಿಗೆ ಬೇಕಾದದ್ದು ನಾಲ್ಕೈದು ಸೆಕೆಂಡುಗಳು ಮಾತ್ರ. ಮುಹೂರ್ತ ಮುಗಿದ ಮೇಲೆ ವೀಡಿಯೊದವನು ಕ್ಯಾಮೆರಾವನ್ನು ಸಭೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತಾನೆ. ಮೂರನೆಯ ಕಂಬದ ಪಕ್ಕದಲ್ಲಿ ಅವಳ ತಾಯಿ ಕುಳಿತಿದ್ದಾರೆ. ಮರುವರ್ಷವೇ ಅತ್ತೆಯವರು ತೀರಿಕೊಂಡರು. ಅವರ ಫೋಟೋಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಚಲಿಸುವ ಅತ್ತೆಯವರು ಇರುವುದು ಆ ಒಂದೇ ಕಡೆ.

"ಏನ್ರೀ, ಚಿತ್ರ ಅಲುಗುತ್ತಿದೆ. ಅಮ್ಮನ ಮುಖ ನಿಲ್ಲುತ್ತಲೇ ಇಲ್ಲ" ಎಂದಳು.

ನಾನು ನೋಡಿದೆ. ನನಗೇನೂ ವಿಶೇಷ ಕಾಣಲಿಲ್ಲ. "ನಿನ್ನ ಕಣ್ಣಿನದೇ ದೋಷ" ಎಂದೆ. ಆರು ತಿಂಗಳ ಹಿಂದೆ ಅವಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಕಾರಣ ಕೈಗೆ ಸಿಕ್ಕಿದಂತೆಯೇ ಆಯಿತು. "ಹಳೆಯ ಡಬ್ಬದ ಟಿ.ವಿ.ಯಲ್ಲಿ ಹೀಗಾಗುತ್ತಿರಲಿಲ್ಲವಲ್ಲ?" ಎಂದು ಕೇಳಿದಳು. "ಆಗ ನಿನ್ನ ಕಣ್ಣು ಚೆನ್ನಾಗಿತ್ತು" ಎಂದುಬಿಟ್ಟೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ, 'ಕಂಡದ್ದನ್ನು ಮೊದಲು ಬರೆಯಿರಿ, ಕಾರಣವನ್ನು ಆಮೇಲೆ ಹುಡುಕಿ' ಎಂದು ನಿಮಗೆಲ್ಲ ಬೆತ್ತ ಹಿಡಿದು ಹೇಳಿದವನು ನಾನೇ.

ಕಣ್ಣಿನ ವೈದ್ಯರ ಬಳಿಗೂ ಕರೆದೊಯ್ದೆ. ಅವರು ಪರೀಕ್ಷಿಸಿ, ಕಣ್ಣು ಚೆನ್ನಾಗಿಯೇ ಇದೆ ಎಂದರು. ಹಿಂದಿರುಗುವಾಗ ಆಟೋದಲ್ಲಿ ಅವಳು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: "ಜನ ಓಡಾಡುವಾಗ ಅಲುಗುವುದಿಲ್ಲ, ಕ್ಯಾಮೆರಾ ತಿರುಗುವಾಗ ಮಾತ್ರ ಅಲುಗುತ್ತದೆ. ಕಣ್ಣಿಗೆ ಕ್ಯಾಮೆರಾ ತಿರುಗಿದ್ದು ಹೇಗೆ ಗೊತ್ತಾಗುತ್ತದೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಯಂತ್ರವನ್ನು ಶಂಕಿಸತೊಡಗಿದೆ. ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆ, ಫಲವಿಲ್ಲ. ಕಂಪ್ಯೂಟರಿಗೆ ಶಕ್ತಿ ಸಾಲದೇ ಎಂದು ನೋಡಿದೆ; ಅದು ಬಹುಪಾಲು ನಿದ್ರೆಯಲ್ಲಿತ್ತು, ಒಂದು ಫ್ರೇಮನ್ನೂ ಕಳೆದುಕೊಂಡಿರಲಿಲ್ಲ. ಟಿ.ವಿ.ಯಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯವೊಂದಿದೆ, ಅದನ್ನು ಹಾಕಿದೆ. ಅಲುಗಾಟ ಕಡಿಮೆಯಾಯಿತು, ಆದರೆ ಕಂಬದ ಪಕ್ಕದ ಮುಖಗಳ ಅಂಚು ನೀರಿನೊಳಗಿನ ಬಿಂಬದಂತೆ ಕದಡಿತು. ಅವಳು ಎದ್ದು ಒಳಗೆ ಹೋದಳು.

ಕೊನೆಗೆ ಮೊಮ್ಮಗನ ಮೊಬೈಲಿನಿಂದ ದಾರಿ ಸಿಕ್ಕಿತು. ಅದರ ನಿಧಾನಗತಿಯ ಚಿತ್ರೀಕರಣದಲ್ಲಿ ಸೆಕೆಂಡಿಗೆ 240 ಫ್ರೇಮುಗಳು ದಾಖಲಾಗುತ್ತವೆ. ಟಿ.ವಿ.ಯ ಪರದೆಯನ್ನೇ ಅದರಲ್ಲಿ ಹಿಡಿದು, ಆ ಮೂರನೆಯ ಕಂಬದ ಅಂಚು ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಿದೆವು. ಅಜ್ಜ ಎಣಿಸುವುದು, ಮೊಮ್ಮಗ ಚೌಕುಳಿ ಕಾಗದದ ಮೇಲೆ ಗೀರೆಳೆಯುವುದು. ಎಂಟು, ಹನ್ನೆರಡು, ಎಂಟು, ಹನ್ನೆರಡು, ಎಂಟು. ಕಂಬ ಸಮವಾಗಿ ಸರಿಯುತ್ತಲೇ ಇರಲಿಲ್ಲ, ಕುಂಟುತ್ತಿತ್ತು!

ಲೆಕ್ಕ ಸರಳವಾದುದು. ಪರದೆ ತನ್ನ ಚಿತ್ರವನ್ನು ಸೆಕೆಂಡಿಗೆ ಇಷ್ಟು ಬಾರಿ ಎಂದು ಹೊಸದಾಗಿ ಬರೆದುಕೊಳ್ಳುತ್ತದೆ. ಅದಕ್ಕೆ ರಿಫ್ರೆಶ್ ರೇಟ್ ಎನ್ನುತ್ತಾರೆ. ನಮ್ಮ ಕಂಪ್ಯೂಟರ್ ಟಿ.ವಿ.ಗೆ ಕೊಡುತ್ತಿದ್ದುದು 60 ಹರ್ಟ್ಜ್. ಮದುವೆಯ ಚಿತ್ರವಾದರೋ ಸೆಕೆಂಡಿಗೆ 25 ಫ್ರೇಮಿನದು. ಅರವತ್ತನ್ನು ಇಪ್ಪತ್ತೈದು ಜನರಿಗೆ ಸಮನಾಗಿ ಹಂಚಲಾಗದು. ಆದ್ದರಿಂದ ಒಂದು ಫ್ರೇಮಿಗೆ ಎರಡು ಪಾಲು, ಮುಂದಿನದಕ್ಕೆ ಮೂರು, ಅದರ ಮುಂದಿನದಕ್ಕೆ ಮತ್ತೆ ಎರಡು. ಅತ್ತಿತ್ತ ಓಡಾಡುವ ಜನರಲ್ಲಿ ಈ ಪಕ್ಷಪಾತ ತಿಳಿಯುವುದಿಲ್ಲ. ಇಡೀ ದೃಶ್ಯವೇ ಒಂದೇ ವೇಗದಲ್ಲಿ ಸರಿಯುವಾಗ ಎದ್ದು ಕಾಣುತ್ತದೆ. ಅವಳು ಹೇಳಿದ್ದೂ ಅದನ್ನೇ.

'ಹಳೆಯ ಡಬ್ಬ'ದ ಮಾತೂ ನಿಜವಾಗಿತ್ತು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜಿನದು, ಅಮೆರಿಕದ್ದು 60. ಟಿ.ವಿ. ಪದ್ಧತಿಗಳು ಅವುಗಳನ್ನು ಅನುಸರಿಸಿಯೇ ರೂಪುಗೊಂಡವು. ನಮ್ಮಲ್ಲಿ ಬಂದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಕ್ಯಾಮೆರಾ, ಕ್ಯಾಸೆಟ್ಟು, ಡಬ್ಬ ಮೂರರದೂ ಒಂದೇ ತಾಳ. ಕಂಪ್ಯೂಟರುಗಳಿಗೆ ಮಾತ್ರ ಎಲ್ಲ ಊರಿನಲ್ಲಿಯೂ ಅರವತ್ತೇ ರೂಢಿ. (ಇನ್ನೊಂದು ಸ್ವಾರಸ್ಯ: ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು. ಪಾಲ್ ಪದ್ಧತಿಯ ಟಿ.ವಿ.ಯಲ್ಲಿ ಅದನ್ನು 25ರ ವೇಗದಲ್ಲಿ ಓಡಿಸುವುದು ರೂಢಿ. ಎರಡೂವರೆ ಗಂಟೆಯ ಚಿತ್ರ ಹಾಗೆ ಆರು ನಿಮಿಷ ಮೊದಲೇ ಮುಗಿಯುತ್ತದೆ, ಹಾಡಿನ ಶ್ರುತಿಯೂ ತುಸು ಏರುತ್ತದೆ. ಭಾನುವಾರ ಸಂಜೆ ನೆರೆಹೊರೆಯವರೆಲ್ಲ ನಮ್ಮ ಹಜಾರದಲ್ಲಿ ಸಿನಿಮಾ ನೋಡುತ್ತಿದ್ದಾಗ ಇದನ್ನು ಯಾರು ಎಣಿಸಿದ್ದರು!)

ಪರಿಹಾರಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಕೋಡಿಯ ಸೆಟ್ಟಿಂಗಿನಲ್ಲಿ, ಚಿತ್ರಕ್ಕೆ ತಕ್ಕಂತೆ ಪರದೆಯ ರಿಫ್ರೆಶ್ ರೇಟನ್ನು ಬದಲಿಸಿಕೊಳ್ಳುವ ಆಯ್ಕೆಯೊಂದಿದೆ. ಅದು ಮುಚ್ಚಿತ್ತು. ಚಿತ್ರ ಆರಂಭವಾದಾಗ ಬದಲಿಸು, ಮುಗಿದಾಗ ಮೊದಲಿನಂತೆ ಮಾಡು ಎಂದು ತೆರೆದಿಟ್ಟೆ. ಮತ್ತೆ ಮೊಬೈಲು ಹಿಡಿದು ಎಣಿಸಿದರೆ ಹತ್ತು, ಒಂಬತ್ತು, ಹತ್ತು, ಹತ್ತು. ಐವತ್ತು ಹರ್ಟ್ಜಿನಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡೆರಡು ಪಾಲು.

ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ಕರೆದೆ. "ತಪ್ಪು ನನ್ನದು. ನಿನ್ನ ಕಣ್ಣಿನದಲ್ಲ" ಎಂದೆ. ಅವಳು ಅದಕ್ಕೆ ಏನೂ ಹೇಳದೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಕುಳಿತಳು. ಕ್ಯಾಮೆರಾ ತಿರುಗಿತು. ಮೊದಲ ಕಂಬ, ಎರಡನೆಯದು, ಮೂರನೆಯದು. ಅತ್ತೆಯವರು ಪಕ್ಕದ ಯಾರಿಗೋ ಏನನ್ನೋ ಹೇಳಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಇಷ್ಟು ದಿನ ನನಗೆ ಅವರು ನಕ್ಕದ್ದೇ ಕಂಡಿರಲಿಲ್ಲ.

"ನಿಮ್ಮನ್ನೇ ನೋಡಿ ನಗುತ್ತಿದ್ದಾರೆ" ಎಂದಳು. "ನೀವು ಆ ಹೊತ್ತಿಗೆ ಪಂಚೆ ಎಡವಿದಿರಿ, ನೆನಪಿಲ್ಲವೇ? ಇನ್ನೊಮ್ಮೆ ಹಾಕಿ."

ಒಂದು ತೊಂದರೆ ಉಳಿದಿತ್ತು. ರೇಟ್ ಬದಲಾಗುವಾಗ ಪರದೆ ಎರಡು ಸೆಕೆಂಡು ಕಪ್ಪಾಗುತ್ತದೆ, ಚಿತ್ರ ಮಾತ್ರ ಒಳಗೊಳಗೇ ಓಡುತ್ತಿರುತ್ತದೆ. ಅವಳಿಗಾಗಿ ಕತ್ತರಿಸಿಟ್ಟುಕೊಂಡ ಆ ತುಣುಕಿನ ಆರಂಭವೇ ನುಂಗಿಹೋಗುತ್ತಿತ್ತು. ಬದಲಾವಣೆಯ ನಂತರ ಸ್ವಲ್ಪ ತಡೆದು ಆರಂಭಿಸುವ ಆಯ್ಕೆಯೂ ಕೋಡಿಯಲ್ಲಿತ್ತು. ಅದನ್ನು ಮೂರು ಸೆಕೆಂಡಿಗೆ ಇಟ್ಟಿದ್ದೇನೆ.